ಹದಿನೈದು ಕಿಲೋದಲ್ಲಿ ಆಫ್ರಿಕಾ

ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಲ್ಲಿ ಬೆಳಗಿನ ಹೊತ್ತು ತಕ್ಕಡಿಯ ಸುತ್ತಲೇ ಜನ. ಇದು ಊರಿನ ದೊಡ್ಡ ಅಂತರರಾಷ್ಟ್ರೀಯ ನಿಲ್ದಾಣವಲ್ಲ. ಮಸಾಯಿ ಮಾರಾ, ಅಂಬೊಸೆಲಿ, ಸಂಬೂರು ವನ್ಯಧಾಮಗಳ ಕಡೆಗೆ ಹೋಗುವ ಸಣ್ಣ ವಿಮಾನಗಳು ಹಾರುವುದು ಇಲ್ಲಿಂದ. ಪ್ರತಿ ಚೀಲವೂ ತಕ್ಕಡಿ ಏರಬೇಕು, ಕೈಚೀಲವನ್ನೂ ಬಿಡುವುದಿಲ್ಲ. ತೂಕ ಹದಿನೈದು ಕಿಲೋ ದಾಟಿದವರು ನೆಲದ ಮೇಲೇ ಚೀಲ ಬಿಚ್ಚಿ ಕೂರುತ್ತಾರೆ. ಸ್ವೆಟರು ಮೈಗೇರುತ್ತದೆ, ಕ್ಯಾಮೆರಾ ಕೊರಳಿಗೆ ಬೀಳುತ್ತದೆ, ಎರಡನೇ ಜೊತೆ ಶೂ ಏನು ಮಾಡುವುದೆಂದು ಗಂಡ ಹೆಂಡತಿ ಮುಖ ನೋಡಿಕೊಳ್ಳುತ್ತಾರೆ. ಗಟ್ಟಿ ಚಿಪ್ಪಿನ ದೊಡ್ಡ ಟ್ರಾಲಿ ಸೂಟ್‌ಕೇಸ್ ತಂದವರ ಪಾಡು ಇನ್ನೂ ಕಷ್ಟ. ಎಷ್ಟೇ ಹಗುರವಿದ್ದರೂ ಅದು ವಿಮಾನದ ಹೊಟ್ಟೆಗೆ ಹಿಡಿಸುವುದಿಲ್ಲ.

ಆಫ್ರಿಕಾದ ಸಫಾರಿಗೆ ಹೊರಡುವ ಕನ್ನಡಿಗರ ಸಂಖ್ಯೆ ಹೆಚ್ಚುತ್ತಿದೆ. ಹೊರಡುವ ಮುನ್ನ ಪ್ರವಾಸ ಸಂಸ್ಥೆಯವರು ಒಂದು ಪಟ್ಟಿ ಕಳಿಸುತ್ತಾರೆ: ಮಣ್ಣಿನ ಬಣ್ಣದ ಬಟ್ಟೆ, ಮೆತ್ತನೆಯ ಚೀಲ, ಟೋಪಿ, ಸೊಳ್ಳೆ ಕ್ರೀಮು. ಯಾವುದನ್ನು ಯಾಕೆ ಹೇಳಿದ್ದಾರೆಂದು ಪಟ್ಟಿಯಲ್ಲಿ ಇರುವುದಿಲ್ಲ. ಕಾರಣ ಗೊತ್ತಿಲ್ಲದವರು ಪಟ್ಟಿಯಲ್ಲಿರುವುದೆಲ್ಲವನ್ನೂ ಕೊಂಡು, ಜೊತೆಗೆ ಮನೆಯಲ್ಲಿರುವುದನ್ನೂ ತುಂಬುತ್ತಾರೆ. ಕಾರಣ ತಿಳಿದರೆ ಅರ್ಧ ಸಾಮಾನು ತಾನಾಗಿ ಹೊರಬೀಳುತ್ತದೆ. ಕೀನ್ಯಾ ಮತ್ತು ಟಾಂಜಾನಿಯಾಗಳನ್ನು ಮುಂದಿಟ್ಟುಕೊಂಡು ಆ ಕಾರಣಗಳನ್ನು ನೋಡೋಣ.

ಹದಿನೈದೇ ಕಿಲೋ ಯಾಕೆ?

ಮಾರಾಕ್ಕೆ ಹೋಗುವ ವಿಮಾನಗಳಲ್ಲಿ ಹೆಚ್ಚಿನವು ಸೆಸ್ನಾ ಕ್ಯಾರವಾನ್ ಜಾತಿಯವು. ಒಂದೇ ಎಂಜಿನ್, ಒಳಗೆ ಹನ್ನೆರಡು ಹದಿಮೂರು ಮಂದಿ, ಹೊಟ್ಟೆಯ ಕೆಳಗೆ ಸಾಮಾನಿಗೆಂದು ಉದ್ದನೆಯ ತಗ್ಗು ಪೆಟ್ಟಿಗೆ. ಆ ಪೆಟ್ಟಿಗೆಯ ಮೂಲೆಗಳಿಗೆ ಬಟ್ಟೆಯ ಚೀಲವನ್ನು ಒತ್ತಿ ತುರುಕಬಹುದು, ಗಾಲಿ ಮತ್ತು ಗಟ್ಟಿ ಚೌಕಟ್ಟಿರುವ ಸೂಟ್‌ಕೇಸನ್ನು ತುರುಕಲಾಗದು. ಮೆತ್ತನೆಯ ಚೀಲವೇ ಬೇಕು ಎನ್ನುವುದು ಇದಕ್ಕೆ.

ತೂಕದ ಮಿತಿಗೆ ಕಾರಣ ನೆಲದಲ್ಲೂ ಇದೆ, ಗಾಳಿಯಲ್ಲೂ ಇದೆ. ಮಾರಾ ಸಮುದ್ರಮಟ್ಟದಿಂದ ಸುಮಾರು 1500 ಮೀಟರಿಗಿಂತ ಎತ್ತರದಲ್ಲಿರುವ ಬಯಲು. ಎತ್ತರ ಹೋದಂತೆ ಗಾಳಿ ತೆಳುವಾಗುತ್ತದೆ, ಬಿಸಿಲೇರಿದರೆ ಇನ್ನೂ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಕಸುವು ಕಡಿಮೆ, ನೆಲ ಬಿಟ್ಟು ಮೇಲೇಳಲು ಹೆಚ್ಚು ಓಟ ಬೇಕು. ಕೀಕೊರೊಕ್, ಓಲ್ ಕಿಯೊಂಬೊ, ಮುಸಿಯಾರಾದಂಥ ಕಡೆ ಇರುವುದೋ ಹುಲ್ಲುಗಾವಲಿನ ನಡುವಿನ ಗಿಡ್ಡ ಓಡುದಾರಿ. ವಿಮಾನ ಹಳ್ಳಿ ಬಸ್ಸಿನಂತೆ ಅಂಥ ನಾಲ್ಕಾರು ಕಡೆ ಇಳಿದು ಏರಿ ಸಾಗುತ್ತದೆ. ಒಬ್ಬೊಬ್ಬರು ಐದು ಕಿಲೋ ಹೆಚ್ಚು ತಂದರೂ ಒಟ್ಟು ಒಬ್ಬ ಪ್ರಯಾಣಿಕನ ತೂಕವಾಗಿಬಿಡುತ್ತದೆ. ಹಾಗಾಗಿ ತಕ್ಕಡಿ ಮುಂದಿರುವವರನ್ನು ಒಪ್ಪಿಸಲು ಹೋಗಬಾರದು. ಅವರು ಲೆಕ್ಕ ಹಾಕುತ್ತಿರುವುದು ನಮ್ಮ ಕ್ಷೇಮವನ್ನು.

ಬೆಂಗಳೂರಿನಿಂದ ನೈರೋಬಿವರೆಗಿನ ದೊಡ್ಡ ವಿಮಾನಗಳಲ್ಲಿ ಇದಕ್ಕಿಂತ ಹೆಚ್ಚು ತೂಕಕ್ಕೆ ಅವಕಾಶವಿದೆ. ಹೆಚ್ಚಿನ ಸಾಮಾನು ತಂದವರು ಅದನ್ನು ನೈರೋಬಿಯ ಹೋಟೆಲಿನಲ್ಲಿ ಬಿಟ್ಟು, ಸಣ್ಣ ಚೀಲ ಮಾತ್ರ ಕಾಡಿಗೆ ಒಯ್ಯಬಹುದು. ಜೀಪಿನಲ್ಲೇ ರಸ್ತೆ ಹಿಡಿದು ಹೋಗುವವರಿಗೆ ತಕ್ಕಡಿಯ ಕಾಟವಿಲ್ಲ. ಆದರೂ ಮೆತ್ತನೆಯ ಚೀಲವೇ ಲೇಸು, ಯಾಕೆಂದರೆ ಅದು ಸೀಟಿನ ಹಿಂದಿನ ಸಣ್ಣ ಜಾಗದಲ್ಲಿ ಆರು ಜನರ ಸಾಮಾನಿನ ಜೊತೆ ಹೊಂದಿಕೊಳ್ಳಬೇಕು.

ನೂರು ವರ್ಷದ ಹಿಂದೆ ಈ ಲೆಕ್ಕವೇ ಬೇರೆ ಇತ್ತು. ಅಮೆರಿಕದ ಅಧ್ಯಕ್ಷ ಪದವಿಯಿಂದ ಆಗಷ್ಟೇ ಇಳಿದಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಮೊಂಬಾಸಾಕ್ಕೆ ಬಂದಿಳಿದು ಬೇಟೆಗೆ ಹೊರಟಾಗ ಹೊರೆ ಹೊರಲು ಇನ್ನೂರಕ್ಕೂ ಹೆಚ್ಚು ಆಳುಗಳಿದ್ದರು. ಒಬ್ಬ ಹೊರುತ್ತಿದ್ದದ್ದು ಅರವತ್ತು ಪೌಂಡ್, ಅಂದರೆ ಇಪ್ಪತ್ತೇಳು ಕಿಲೋ. ರೂಸ್‌ವೆಲ್ಟ್ ಓದಲು ತಂದಿದ್ದ, ಹಂದಿಯ ತೊಗಲಿನ ರಟ್ಟಿನ ಪುಸ್ತಕಗಳ ಪೆಟ್ಟಿಗೆಯೇ ಒಬ್ಬ ಆಳಿನ ಹೊರೆಯಾಗಿತ್ತು. ಕೊಂದ ಪ್ರಾಣಿಗಳ ಚರ್ಮ ಕೆಡದಂತೆ ಹಾಕಲು ಟನ್ನುಗಟ್ಟಲೆ ಉಪ್ಪು ಬೇರೆ. ಕೀನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಅಲ್ಲಿನ ಸಫಾರಿಯ ಚೀಲದಿಂದ ಕೋವಿ, ಉಪ್ಪು ಎರಡೂ ಹೊರಬಿದ್ದದ್ದು ಹಾಗೆ.

ಸಮಭಾಜಕದ ಚಳಿ

ಆಫ್ರಿಕಾ ಎಂದರೆ ಸುಡುಬಿಸಿಲು ಎಂದುಕೊಂಡು ಹತ್ತಿಯ ತೆಳು ಬಟ್ಟೆ ಮಾತ್ರ ತುಂಬಿದವರು ಮೊದಲ ಬೆಳಗಿನಲ್ಲೇ ನಡುಗುತ್ತಾರೆ. ನೈರೋಬಿ ಇರುವುದು ಸುಮಾರು 1800 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ಬೆಂಗಳೂರಿನ ಎರಡರಷ್ಟು. ಟಾಂಜಾನಿಯಾದ ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚು ಸುಮಾರು 2300 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಅಲ್ಲಿನ ವಸತಿಗೃಹಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ರಾತ್ರಿಯ ಉಷ್ಣಾಂಶ ಒಂದಂಕಿಗೆ ಇಳಿಯುವುದುಂಟು.

ನಮ್ಮಲ್ಲಿ ಶಾಲೆಗೆ ರಜೆ ಸಿಕ್ಕಾಗ ಹೊರಡುವುದು ವಾಡಿಕೆ. ಆದರೆ ನಮ್ಮ ಬೇಸಿಗೆ ರಜೆಯ ಏಪ್ರಿಲ್ ಮತ್ತು ಮೇ ಅಲ್ಲಿ ದೊಡ್ಡ ಮಳೆಯ ಕಾಲ, ನವೆಂಬರ್ ಆಸುಪಾಸು ಸಣ್ಣ ಮಳೆ. ಲಕ್ಷಗಟ್ಟಲೆ ವಿಲ್ಡೆಬೀಸ್ಟ್ ಹುಲ್ಲೆಗಳು ಟಾಂಜಾನಿಯಾದ ಸೆರೆಂಗೆಟಿಯಿಂದ ಉತ್ತರಕ್ಕೆ ಬಂದು ಮಾರಾ ನದಿ ದಾಟುವ ಜುಲೈನಿಂದ ಅಕ್ಟೋಬರ್‌ವರೆಗಿನ ಕಾಲ ಒಣಹವೆಯದು, ಬೆಳಗಿನ ಚಳಿಯದು. ಪ್ರಾಣಿಗಳು ಚುರುಕಾಗಿರುವುದು ನಸುಕಿನಲ್ಲಿ. ಸೂರ್ಯ ಹುಟ್ಟುವ ಮೊದಲೇ, ಮೇಲ್ಛಾವಣಿ ಎತ್ತಿದ ಲ್ಯಾಂಡ್ ಕ್ರೂಸರಿನಲ್ಲಿ ನಿಂತುಕೊಂಡು ಹೋಗುವಾಗ ಗಾಳಿ ಕಿವಿಗೆ ಚುಚ್ಚುತ್ತದೆ. ಹನ್ನೊಂದು ಗಂಟೆಗೆ ಅದೇ ಜಾಗದಲ್ಲಿ ಅಂಗಿಯ ತೋಳು ಮಡಚಬೇಕಾಗುತ್ತದೆ.

ಆದ್ದರಿಂದ ದಪ್ಪನೆಯ ಒಂದೇ ಜರ್ಕಿನ್ನಿಗಿಂತ ಒಂದರ ಮೇಲೊಂದು ಹಾಕುವ ಮೂರು ಬಟ್ಟೆ ಉಪಯೋಗ: ಒಳಗೊಂದು ಹತ್ತಿಯ ಅಂಗಿ, ಮೇಲೊಂದು ಉಣ್ಣೆಯ ಅಥವಾ ಫ್ಲೀಸ್ ಸ್ವೆಟರು, ಹೊರಗೆ ಗಾಳಿ ಮತ್ತು ಹನಿ ತಡೆಯುವ ತೆಳು ಜಾಕೆಟ್ಟು. ಅಜ್ಜಿ ಒತ್ತಾಯ ಮಾಡಿ ಕೊಡುವ ಮಂಕಿ ಕ್ಯಾಪನ್ನು ಬೇಡ ಎನ್ನಬೇಡಿ, ಬೆಳಗಿನ ಆರು ಗಂಟೆಗೆ ಅದರಷ್ಟು ಒದಗುವುದು ಬೇರಿಲ್ಲ. ಹಗಲಿಗೆ ಅಗಲ ಅಂಚಿನ, ಗದ್ದದ ಕೆಳಗೆ ಕಟ್ಟುವ ದಾರವಿರುವ ಟೋಪಿ ಬೇಕು. ದಾರವಿಲ್ಲದ ಟೋಪಿ ಹಾರಿ ಸಿಂಹದ ಹತ್ತಿರ ಬಿದ್ದರೆ ಯಾರೂ ಇಳಿದು ತಂದುಕೊಡುವುದಿಲ್ಲ.

ಎಷ್ಟು ಜೊತೆ? ಮೂರು, ಹೆಚ್ಚೆಂದರೆ ನಾಲ್ಕು. ಬಹುತೇಕ ಶಿಬಿರಗಳಲ್ಲಿ ಬೆಳಿಗ್ಗೆ ಕೊಟ್ಟ ಬಟ್ಟೆ ಸಂಜೆಗೆ ಒಗೆದು ಬರುತ್ತದೆ. ಒಳಉಡುಪುಗಳನ್ನು ಮಾತ್ರ ಎಷ್ಟೋ ಕಡೆ ಅಲ್ಲಿನವರು ಸಂಪ್ರದಾಯದ ಕಾರಣಕ್ಕೆ ಒಗೆಯುವುದಿಲ್ಲ, ಸೋಪಿನ ಪುಡಿಯನ್ನು ಕೋಣೆಯಲ್ಲೇ ಇಟ್ಟಿರುತ್ತಾರೆ. ಅವು ಬೇಗ ಒಣಗುವಂಥವಾಗಿದ್ದರೆ ಸಾಕು. ಕಾಡಿನಲ್ಲಿ ಯಾರೂ ಸಂಜೆಗೆ ಬೇರೆ ಸೀರೆ, ಬೇರೆ ಸೂಟು ಎದುರುನೋಡುವುದಿಲ್ಲ. ಜೀಪಿನಿಂದ ನೋಡುವ ಸಫಾರಿಗೆ ಭಾರದ ಬೂಟೂ ಬೇಡ, ಕಾಲು ಮುಚ್ಚುವ ಮಾಮೂಲು ಶೂ ಸಾಕು. ಉಗಾಂಡದ ಬ್ವಿಂಡಿ ಕಾಡಿನಲ್ಲಿ ಗೊರಿಲ್ಲಾ ನೋಡಲು ನಡೆದು ಹೋಗುವವರ ಮಾತು ಬೇರೆ: ಅವರಿಗೆ ಜಾರದ ಬೂಟು, ಮಳೆಯ ಕೋಟು, ತುರಿಕೆ ಗಿಡಗಳಿಂದ ಕೈ ಕಾಯಲು ದಪ್ಪ ಕೈಗವಸು, ಗೊರಿಲ್ಲಾಗಳಿಗೆ ನಮ್ಮ ನೆಗಡಿ ಅಂಟದಂತೆ ಮುಖಕ್ಕೆ ಮಾಸ್ಕು ಎಲ್ಲವೂ ಬೇಕು.

ನೀಲಿ ಜೀನ್ಸ್ ಮನೆಯಲ್ಲಿರಲಿ

ಖಾಕಿ, ಕಂದು, ಒಣಹುಲ್ಲಿನ ಬಣ್ಣ ಎಂದು ಎಲ್ಲರೂ ಹೇಳುತ್ತಾರೆ. ಪ್ರಾಣಿಗಳಿಗೆ ಗೊತ್ತಾಗಬಾರದು ಎಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಇದು ಅರ್ಧ ಸತ್ಯ. ಸಿಂಹ, ಜಿಂಕೆ, ಜೀಬ್ರಾಗಳಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ನಮ್ಮಷ್ಟು ಕಾಣುವುದಿಲ್ಲ. ಜೀಪಿನೊಳಗೆ ಕೂತವರನ್ನು ಅವು ಜೀಪಿನ ಭಾಗವೆಂದೇ ಕಾಣುತ್ತವೆ. ಬಣ್ಣಕ್ಕಿಂತ ಅಲುಗಾಟ, ಸದ್ದು, ವಾಸನೆಗಳೇ ಅವುಗಳನ್ನು ಎಚ್ಚರಿಸುವುದು. ಬಣ್ಣ ನಿಜವಾಗಿ ಮುಖ್ಯವಾಗುವುದು ಕಾಲ್ನಡಿಗೆಯ ಸಫಾರಿಯಲ್ಲಿ. ಅಲ್ಲಿ ಬಿಳಿ ಅಂಗಿ ದೂರದಿಂದಲೇ ಎದ್ದು ಕಾಣುತ್ತದೆ. ಜೀಪಿನವರು ಮಣ್ಣಿನ ಬಣ್ಣ ಉಡಲು ಸರಳ ಕಾರಣ ಧೂಳು. ಸಂಜೆಯ ಹೊತ್ತಿಗೆ ಎಲ್ಲ ಬಟ್ಟೆಯೂ ಅದೇ ಬಣ್ಣಕ್ಕೆ ತಿರುಗುತ್ತದೆ.

ನೀಲಿ ಮತ್ತು ಕಪ್ಪನ್ನು ಬಿಡಬೇಕಾದ್ದು ಸೆಟ್ಸಿ ನೊಣದ ದೆಸೆಯಿಂದ. ನಮ್ಮ ದನದ ನೊಣದಷ್ಟು ದೊಡ್ಡದಾದ, ರಕ್ತ ಹೀರುವ ಈ ನೊಣ ಗಾಢ ನೀಲಿಯ ಕಡೆಗೆ ಹಾರಿ ಬಂದು ಕಪ್ಪಿನ ಮೇಲೆ ಕೂರುತ್ತದೆ. ಇದನ್ನು ಅರಿತೇ ನೀಲಿ ಕಪ್ಪು ಬಟ್ಟೆಗಳ ಬಲೆ ಮಾಡಿ ಅವುಗಳನ್ನು ಹಿಡಿಯುತ್ತಾರೆ. ಟಾಂಜಾನಿಯಾದ ಉದ್ಯಾನಗಳಲ್ಲಿ ಮರಗಳಿಂದ ತೂಗುವ ಇಂಥ ಬಟ್ಟೆಗಳು ಕಣ್ಣಿಗೆ ಬೀಳುತ್ತವೆ. ತರಂಗಿರೆ, ಪಶ್ಚಿಮ ಸೆರೆಂಗೆಟಿಯ ಪೊದೆಗಾಡುಗಳಲ್ಲಿ ಈ ನೊಣಗಳು ಓಡುವ ಜೀಪನ್ನೂ ಅಟ್ಟಿಸಿಕೊಂಡು ಬರುತ್ತವೆ, ತೆಳು ಬಟ್ಟೆಯ ಮೇಲಿಂದಲೇ ಕಚ್ಚುತ್ತವೆ. ಸೊಳ್ಳೆ ಕ್ರೀಮು ಇವಕ್ಕೆ ಅಷ್ಟಾಗಿ ತಾಗುವುದಿಲ್ಲ. ನಿದ್ರಾರೋಗ ಹರಡುವುದು ಇದೇ ನೊಣ. ಪ್ರವಾಸಿಗಳಿಗೆ ಆ ರೋಗ ತಗಲುವುದು ಅಪರೂಪವಾದರೂ ಕಡಿತದ ಉರಿ ತಪ್ಪಿದ್ದಲ್ಲ. ಭಾರವಾದ, ಒಣಗಲು ದಿನ ಹಿಡಿಯುವ, ನೊಣವನ್ನೂ ಕರೆಯುವ ನೀಲಿ ಜೀನ್ಸ್‌ನಷ್ಟು ಸಫಾರಿಗೆ ಒಗ್ಗದ ಬಟ್ಟೆ ಇನ್ನೊಂದಿಲ್ಲ.

ಕಾನೂನು ಒಪ್ಪದ ಸಾಮಾನು

ಕಾಡಿಗೆ ಹೋಗುತ್ತೇವೆಂದು ಸೈನಿಕರ ಮಚ್ಚೆ ಬಟ್ಟೆ ಕೊಳ್ಳುವವರಿದ್ದಾರೆ. ಜಿಂಬಾಬ್ವೆ, ಉಗಾಂಡಗಳಲ್ಲಿ ನಾಗರಿಕರು ಅದನ್ನು ತೊಡುವುದು ಅಪರಾಧ. ಮಗುವಿನ ಟೋಪಿಯಲ್ಲಿ ಆ ಚಿತ್ತಾರವಿದ್ದರೂ ಬಿಟ್ಟುಹೋಗಿ.

ಪ್ಲಾಸ್ಟಿಕ್ ಕೈಚೀಲ ಇನ್ನೊಂದು. ಸೀರೆ ಅಂಗಡಿಯ ಕವರಿನಲ್ಲಿ ಚಪ್ಪಲಿ, ಮಾಲ್‌ನ ಕವರಿನಲ್ಲಿ ಒದ್ದೆ ಬಟ್ಟೆ ಸುತ್ತಿಡುವುದು ನಮ್ಮ ಮನೆಗಳ ರೂಢಿ. ಕೀನ್ಯಾ 2017ರ ಆಗಸ್ಟ್‌ನಲ್ಲಿ ಇಂಥ ಚೀಲಗಳನ್ನು ನಿಷೇಧಿಸಿತು. 40 ಲಕ್ಷ ಶಿಲ್ಲಿಂಗ್‌ವರೆಗೆ ದಂಡ, ನಾಲ್ಕು ವರ್ಷದವರೆಗೆ ಜೈಲು ವಿಧಿಸಲು ಆ ಕಾನೂನಿನಲ್ಲಿ ಅವಕಾಶವಿದೆ. 2020ರ ಜೂನ್‌ನಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನಗಳೊಳಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿ, ಲೋಟ, ಸ್ಟ್ರಾಗಳೂ ನಿಷಿದ್ಧ. ಟಾಂಜಾನಿಯಾವೂ 2019ರ ಜೂನ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಬಟ್ಟೆಯ ಚೀಲಗಳಲ್ಲಿ ಸಾಮಾನು ವಿಂಗಡಿಸಿ, ಒಂದು ಸ್ಟೀಲ್ ನೀರಿನ ಬಾಟಲಿ ಜೊತೆಗಿಡಿ. ಈ ಕಟ್ಟುನಿಟ್ಟು ನನಗೆ ಮೆಚ್ಚುಗೆಯಾಗಿದೆ. ನಾಗರಹೊಳೆ, ಬಂಡೀಪುರದ ರಸ್ತೆ ಬದಿಯಲ್ಲಿ ಜಿಂಕೆಗಳು ಚಿಪ್ಸ್ ಪೊಟ್ಟಣ ಮೂಸುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು.

ಡ್ರೋನ್ ಬೇಡ. ಅನುಮತಿಯಿಲ್ಲದೆ ಅದನ್ನು ಉದ್ಯಾನಗಳಲ್ಲಿ ಹಾರಿಸುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಅದು ವಶವಾಗಬಹುದು.

ಕಣ್ಣಿಗೆ ಬೇಕಾದ್ದು

ಇಷ್ಟೆಲ್ಲ ಬಿಟ್ಟಾಗ ಉಳಿಯುವ ತೂಕವನ್ನು ಯಾವುದಕ್ಕೆ ಕೊಡಬೇಕು? ಬೈನಾಕ್ಯುಲರಿಗೆ. ಲಕ್ಷಗಟ್ಟಲೆ ಖರ್ಚು ಮಾಡಿ ಹೋಗುವ ಕುಟುಂಬಗಳು ಉಳಿತಾಯಕ್ಕೆ ಕೈಹಾಕುವುದು ಇಲ್ಲಿಯೇ ಎಂಬುದು ನನಗೆ ಬೇಸರ ತರುವ ವಿಷಯ. ನಾಲ್ಕು ಜನಕ್ಕೆ ಒಂದು ಬೈನಾಕ್ಯುಲರ್ ಇದ್ದರೆ ನಿಮ್ಮ ಸರದಿ ಬರುವ ಹೊತ್ತಿಗೆ ಚಿರತೆ ಮರದಿಂದ ಇಳಿದಿರುತ್ತದೆ.

ಕಬಿನಿಯ ಕಾಡಿನಲ್ಲಿ ನೋಟ ದೂರ ಹೋಗುವುದಿಲ್ಲ. ಆನೆಯೋ ಕಾಟಿಯೋ ಕಂಡರೆ ಹತ್ತಿರವೇ ಕಾಣುತ್ತದೆ. ಸೆರೆಂಗೆಟಿಯಲ್ಲಿ ಹುಲ್ಲು ಬಾನಂಚಿನವರೆಗೆ ಹಬ್ಬಿದೆ. ಹುತ್ತದ ಮೇಲೆ ಕೂತು ಜಿಂಕೆ ಹಿಂಡನ್ನು ಅಳೆಯುವ ಚೀತಾ ಬರಿಗಣ್ಣಿಗೆ ಒಂದು ಚುಕ್ಕೆ. ಅಕೇಶಿಯಾ ಕೊಂಬೆಯಿಂದ ತೂಗುವ ಬಾಲ, ಹುಲ್ಲಿನ ಮೇಲೆ ಮೂಡಿ ಮರೆಯಾಗುವ ಎರಡು ಕಿವಿ, ರಣಹದ್ದುಗಳು ಇಳಿಯುತ್ತಿರುವ ಜಾಗ, ಇವೆಲ್ಲ ಬೈನಾಕ್ಯುಲರ್ ಇದ್ದವರ ಪಾಲು. ಅದಿಲ್ಲದವರು ಚಾಲಕ ತೋರಿಸಿದ್ದನ್ನಷ್ಟೇ ನೋಡಿ ಬರುತ್ತಾರೆ.

ಕೊಳ್ಳುವಾಗ 8x42 ಎಂದು ಬರೆದಿರುವುದನ್ನು ನೋಡಿ. 8 ಎಂದರೆ ಎಂಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಐದು ಚಿಲ್ಲರೆ ಮಿಲಿಮೀಟರು, ಕಣ್ಣಿನ ಹತ್ತಿರ ಹೊರಬರುವ ಬೆಳಕಿನ ಕಿಂಡಿಯ ಅಗಲ. ನಸುಕಿನಲ್ಲಿ ಅರಳಿದ ನಮ್ಮ ಪಾಪೆಗೆ ಇದು ಹೊಂದುತ್ತದೆ. ಇಪ್ಪತ್ತು ಪಟ್ಟಿನದು ಒಳ್ಳೆಯದೆಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಪಟ್ಟು ಹೆಚ್ಚಿದಷ್ಟೂ ಕೈನಡುಕವೂ ಹೆಚ್ಚಾಗಿ ಕಾಣುತ್ತದೆ.

ದೊಡ್ಡ ಕ್ಯಾಮೆರಾ ಇರುವವರಿಗೆ ಟ್ರೈಪಾಡಿಗಿಂತ ಖಾಲಿ ಬಟ್ಟೆಚೀಲ ಹೆಚ್ಚು ಕೆಲಸಕ್ಕೆ ಬರುತ್ತದೆ. ಜೀಪಿನಲ್ಲಿ ಟ್ರೈಪಾಡ್ ಊರಲು ಜಾಗವಿಲ್ಲ. ಚೀಲಕ್ಕೆ ಅಲ್ಲಿಯೇ ಅಕ್ಕಿ ಅಥವಾ ಕಾಳು ತುಂಬಿಸಿ ಕಿಟಕಿಯ ಅಂಚಿಗಿಟ್ಟು ಮೇಲೆ ಲೆನ್ಸ್ ಒರಗಿಸಿದರೆ ಅಲುಗಾಡದು. ಎಂಜಿನ್ ನಿಲ್ಲಿಸಲು ಚಾಲಕರಿಗೆ ಹೇಳುವುದನ್ನು ಮರೆಯಬೇಡಿ.

ಧೂಳಿನ ಬಗ್ಗೆ ಒಂದು ಮಾತು. ದಕ್ಷಿಣ ಸೆರೆಂಗೆಟಿಯ ನೆಲ ಗೊರೊಂಗೊರೊ ಬೆಟ್ಟಸಾಲಿನ ಜ್ವಾಲಾಮುಖಿಗಳ ಬೂದಿಯಿಂದ ಆದದ್ದು. ಆ ಬೂದಿಯಲ್ಲಿನ ಖನಿಜಗಳಿಂದಲೇ ಅಲ್ಲಿನ ಗಿಡ್ಡ ಹುಲ್ಲಿಗೆ ಸತ್ವ. ವಿಲ್ಡೆಬೀಸ್ಟ್‌ಗಳು ಜನವರಿಯಿಂದ ಮಾರ್ಚ್‌ವರೆಗೆ ಕರು ಹಾಕಲು ಅಲ್ಲಿಗೇ ಬರುವುದು ಅದಕ್ಕೆ. ಅದೇ ಬೂದಿ ಚೀಲದ ಜಿಪ್‌ಗಳಿಗೆ, ಲೆನ್ಸ್‌ಗೆ, ಮೂಗಿಗೆ ನುಗ್ಗುತ್ತದೆ. ಜೀಪಿನಲ್ಲಿ ಲೆನ್ಸ್ ಬದಲಿಸಬೇಡಿ. ಒಂದು ದೊಡ್ಡ ಹತ್ತಿಯ ವಸ್ತ್ರ ಕೊರಳಲ್ಲಿರಲಿ; ಮೂಗಿಗೆ ಸುತ್ತಲು, ಕ್ಯಾಮೆರಾ ಮುಚ್ಚಲು, ಬಿಸಿಲು ತಡೆಯಲು ಅದೊಂದೇ ಸಾಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕನ್ನಡಕವನ್ನೂ ಒಯ್ಯಬೇಕು.

ದಾರಿಯ ಕುಲುಕಾಟಕ್ಕೆ ಸಿದ್ಧರಾಗಿ. ಬೆನ್ನುನೋವಿರುವವರು ಗಾಳಿ ತುಂಬುವ ಸಣ್ಣ ದಿಂಬು, ಹೆಂಗಸರು ಗಟ್ಟಿ ಆಧಾರ ಕೊಡುವ ಸ್ಪೋರ್ಟ್ಸ್ ಬ್ರಾ ಒಯ್ಯುವುದು ಒಳ್ಳೆಯದು. ನಾಲ್ಕೈದು ತಾಸು ಶೌಚಾಲಯ ಸಿಗದಿರಬಹುದು. ಚಾಲಕ ಸುರಕ್ಷಿತವೆಂದು ತೋರಿಸಿದ ಪೊದೆಯ ಮರೆಯೇ ಗತಿ. ಟಿಶ್ಯೂ ಕಾಗದ, ಬಳಸಿದ್ದನ್ನು ವಾಪಸು ತರಲು ಮುಚ್ಚಳದ ಡಬ್ಬಿ ಜೊತೆಗಿರಲಿ. ಮುಟ್ಟಿನ ದಿನಗಳಿಗೆ ಬೇಕಾದ್ದನ್ನು ಮನೆಯಿಂದಲೇ ತನ್ನಿ, ಕಾಡಿನ ಶಿಬಿರದಲ್ಲಿ ಅಂಗಡಿ ಇರುವುದಿಲ್ಲ.

ಕೀನ್ಯಾ, ಟಾಂಜಾನಿಯಾ, ಉಗಾಂಡಗಳ ಪ್ಲಗ್ಗು ಬ್ರಿಟನ್ನಿನ ಚಪ್ಪಟೆ ಮೂರು ಕಡ್ಡಿಯದು, ಅಡಾಪ್ಟರ್ ಬೇಕು. ದಕ್ಷಿಣ ಆಫ್ರಿಕಾದ ಹಳೆಯ ಮಾದರಿಯ ಸಾಕೆಟ್ಟುಗಳಿಗೆ ಮಾತ್ರ ನಮ್ಮ ಮನೆಯ ಗೀಸರಿನ ದಪ್ಪ ಪ್ಲಗ್ಗೇ ಹೊಂದುತ್ತದೆ. ಶಿಬಿರಗಳಲ್ಲಿ ಸೌರ ವಿದ್ಯುತ್ತೋ ಜನರೇಟರೋ ಇರುತ್ತದೆ, ಎಲ್ಲ ಹೊತ್ತಿನಲ್ಲೂ ಕರೆಂಟಿರುವುದಿಲ್ಲ. ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಮೀರಬಾರದು.

ತಿಂಡಿಯ ಡಬ್ಬಿ

ಚಟ್ನಿಪುಡಿ, ಕೋಡುಬಳೆ, ಗೊಜ್ಜವಲಕ್ಕಿ ಇಲ್ಲದೆ ನಮ್ಮವರು ಹೊರಡುವುದಿಲ್ಲ. ಸ್ವಲ್ಪ ಇರಲಿ, ಚೀಲ ತುಂಬುವುದು ಬೇಡ. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗಿನ ರೈಲುದಾರಿಯನ್ನು 1896ರಿಂದ 1901ರವರೆಗೆ ಹಾಕಿದ್ದು ಬಹುಪಾಲು ಭಾರತದಿಂದ ಹೋದ ಕೂಲಿಗಳು. ವ್ಯಾಪಾರಿಗಳೂ ಹಿಂದೆಯೇ ಹೋಗಿ ನೆಲೆಸಿದರು. ಚಪಾತಿ, ಸಮೋಸಾ ಇಂದು ಕೀನ್ಯಾದವರದೇ ತಿಂಡಿ. ಸಸ್ಯಾಹಾರವೆಂದು ಮೊದಲೇ ತಿಳಿಸಿದರೆ ಶಿಬಿರದ ಅಡುಗೆಯವರಿಗೆ ಅದು ಹೊಸದಲ್ಲ.

ಕೊಂಡೊಯ್ದದ್ದನ್ನು ಡೇರೆಯಲ್ಲಿ ಬಿಚ್ಚಿಡಬಾರದು. ಬಬೂನ್‌ಗಳಿಗೆ ಜಿಪ್ ತೆಗೆಯಲು ಬರುತ್ತದೆ. ಹಣ್ಣಿನ ವಾಸನೆಗೆ ಆನೆ ಬರುತ್ತದೆ; ಜಿಂಬಾಬ್ವೆಯ ಮಾನಾ ಪೂಲ್ಸ್‌ಗೆ ಕಿತ್ತಳೆ ಜಾತಿಯ ಹಣ್ಣು ತರಲೇಬಾರದೆಂಬ ನಿಯಮ ಅದಕ್ಕಾಗಿಯೇ ಇದೆ. ಮನುಷ್ಯರ ತಿಂಡಿಯ ರುಚಿ ಹತ್ತಿದ ಪ್ರಾಣಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ. ಡಬ್ಬಿಯನ್ನು ಶಿಬಿರದವರ ಕೈಗೆ ಕೊಟ್ಟುಬಿಡಿ.

ಬರುವಾಗ ಮಸಾಯಿಗಳ ಕೆಂಪು ಶುಕಾ ಹೊದಿಕೆ, ಮಣಿಸರ ತರಲು ಚೀಲದಲ್ಲಿ ಜಾಗವಿರಲಿ. ದಂತ, ಚರ್ಮ, ಕೋಡು, ಗರಿ, ಆನೆಬಾಲದ ಕೂದಲಿನ ಬಳೆ ಯಾವುದನ್ನೂ ಮುಟ್ಟಬೇಡಿ. ಕೀನ್ಯಾ 2016ರ ಏಪ್ರಿಲ್ 30ರಂದು ನೈರೋಬಿಯಲ್ಲಿ 105 ಟನ್ ದಂತಕ್ಕೆ ಬೆಂಕಿ ಇಟ್ಟದ್ದು, ಆನೆಯ ಮೈಮೇಲಲ್ಲದೆ ದಂತಕ್ಕೆ ಬೆಲೆಯಿಲ್ಲ ಎಂದು ಜಗತ್ತಿಗೆ ಹೇಳಲು.

ಎಲ್ಲಕ್ಕಿಂತ ಮೊದಲ ಕೆಲಸ

ಮಲೇರಿಯಾ ತಡೆಯುವ ಮಾತ್ರೆ ಯಾವುದೆಂದು ವೈದ್ಯರು ಹೇಳಬೇಕು. ಅದನ್ನು ಹೊರಡುವ ಮೊದಲೇ ಶುರುಮಾಡಿ, ಬಂದ ಮೇಲೂ ಹೇಳಿದಷ್ಟು ದಿನ ಮುಂದುವರಿಸಬೇಕು. ಮಲೇರಿಯಾದ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ, ಹಾಗಾಗಿ ಸಂಜೆಗೆ ತುಂಬುತೋಳಿನ ಅಂಗಿ ಬೇಕು. ಊರಿಗೆ ಮರಳಿದ ಮೇಲೆ ವಾರಗಳು ಕಳೆದು ಜ್ವರ ಬಂದರೂ ಆಫ್ರಿಕಾಕ್ಕೆ ಹೋಗಿದ್ದೆವೆಂದು ವೈದ್ಯರಿಗೆ ತಿಳಿಸಬೇಕು. ಕಾಡಿನಿಂದ ಆಸ್ಪತ್ರೆಗೆ ದಾರಿಯೇ ಆಕಾಶ; ನೈರೋಬಿಯಲ್ಲಿ 1957ರಲ್ಲಿ ಹಾರುವ ವೈದ್ಯರ ಸೇವೆ ಆರಂಭವಾದದ್ದು ಅದಕ್ಕೆ. ನಿಮ್ಮ ಪ್ರಯಾಣ ವಿಮೆಯಲ್ಲಿ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯೇ ಎಂದು ಓದಿ ನೋಡಿ.

ಜನ ಎಡವುವುದು ಹಳದಿ ಜ್ವರದ ಲಸಿಕೆಯಲ್ಲಿ. ಭಾರತದಿಂದ ನೇರ ಹೋದವರನ್ನು ಕೀನ್ಯಾದಲ್ಲಿ ಕೇಳದೇ ಬಿಡಬಹುದು. ಕೇಳುವುದು ವಾಪಸು ಬಂದಾಗ, ನಮ್ಮದೇ ವಿಮಾನ ನಿಲ್ದಾಣದಲ್ಲಿ. ಹಳದಿ ಜ್ವರ ಭಾರತದಲ್ಲಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮಲ್ಲಿ ಮನೆಮನೆಯ ಹತ್ತಿರ ಇದೆ. ಡೆಂಗಿ ತರುವುದೂ ಅದೇ. ಕೀನ್ಯಾ, ಉಗಾಂಡಗಳಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿಡುವ ನಿಯಮ ಇರುವುದು ಇದಕ್ಕೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವಷ್ಟೇ ಪತ್ರಕ್ಕೆ ಮಾನ್ಯತೆ. 2016ರಿಂದ ಒಮ್ಮೆ ಹಾಕಿಸಿದರೆ ಅದು ಜೀವಮಾನಕ್ಕೆ ಸಾಕು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ, ನಮ್ಮ ರಾಜ್ಯದಲ್ಲಿ ಅಂಥವು ಕೆಲವೇ ಇವೆ. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಬೈನಾಕ್ಯುಲರು, ಟೋಪಿಗಳನ್ನು ಹೊರಡುವ ಹಿಂದಿನ ವಾರ ಕೊಂಡರೂ ನಡೆಯುತ್ತದೆ. ಲಸಿಕೆಗೆ ಮಾತ್ರ ಟಿಕೆಟ್ ಕೊಂಡ ದಿನವೇ ಹೆಸರು ಬರೆಸಿ.